ಗಾಡಿ ಹೊಡೆಯುವ ಮೊದಲು ಓದುವ ಪಾಠ

ಕಲಿಯುವವರ ಲೈಸೆನ್ಸಿನ ಪರೀಕ್ಷೆಗೆ ಹತ್ತು ಸಂಜೆಗಳ ಸಿದ್ಧತೆ



ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಎತ್ತಿನ ಗಾಡಿ ಹೊಡೆಯುವುದನ್ನು ಯಾರೂ ಪುಸ್ತಕ ಹಿಡಿದು ಕಲಿಸಿದವರಲ್ಲ. ಹುಡುಗನು ತಂದೆಯ ಪಕ್ಕದಲ್ಲಿ ಕುಳಿತು, ನಾಲ್ಕಾರು ಸಂತೆಗಳಿಗೆ ಹೋಗಿ ಬಂದು, ತಾನಾಗಿಯೇ ಕಲಿಯುತ್ತಿದ್ದನು. ಅರ್ಧ ಪಾಠವನ್ನು ಎತ್ತುಗಳೇ ಬಲ್ಲವು. ಹೊಡೆಯುವವನು ತೂಕಡಿಸಿದರೂ ಅವು ಹಳ್ಳ ಬಿದ್ದ ಕಡೆ ನಿಲ್ಲುತ್ತಿದ್ದವು, ಮನೆಯ ದಾರಿಯನ್ನು ತಾವೇ ಹಿಡಿಯುತ್ತಿದ್ದವು.

ಈಗ ಮನೆಯ ಮುಂದೆ ಬೈಕು ನಿಂತಿದೆ, ಟ್ರ್ಯಾಕ್ಟರು ನಿಂತಿದೆ. ಯಂತ್ರಕ್ಕೆ ಕಣ್ಣಿಲ್ಲ, ಭಯವಿಲ್ಲ, ಮನೆಯ ನೆನಪೂ ಇಲ್ಲ. ಹೊಡೆಯುವವನು ತೂಕಡಿಸಿದರೆ ಅದು ನಿಲ್ಲುವುದಿಲ್ಲ. ಆದುದರಿಂದ ಎತ್ತುಗಳು ಬಲ್ಲ ಅರ್ಧ ಪಾಠವನ್ನೂ ಸೇರಿಸಿ ಇಡೀ ಪಾಠವನ್ನು ಮನುಷ್ಯನೇ ಕಲಿಯಬೇಕಾಗಿದೆ. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದ ಪ್ರಕಾರ ೨೦೨೨ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ೧,೬೮,೪೯೧ ಜನರು ಪ್ರಾಣ ಕಳೆದುಕೊಂಡರು. ಎಂದರೆ ದಿನಕ್ಕೆ ೪೬೦ಕ್ಕೂ ಹೆಚ್ಚು ಮಂದಿ. ಇವರಲ್ಲಿ ನೂರಕ್ಕೆ ಸುಮಾರು ೪೪ ಮಂದಿ ಬೈಕು, ಸ್ಕೂಟರುಗಳ ಮೇಲಿದ್ದವರು.

ಕಲಿಯುವವರ ಲೈಸೆನ್ಸು, ಅಂದರೆ ನಾವೆಲ್ಲ ಎಲ್.ಎಲ್.ಆರ್. ಎಂದು ಕರೆಯುವ ಪತ್ರ, ಈ ಪಾಠದ ಮೊದಲ ಮೆಟ್ಟಿಲು. ಅದಕ್ಕೆ ಒಂದು ಸಣ್ಣ ಪರೀಕ್ಷೆ ಇದೆ. ಆ ಪರೀಕ್ಷೆಗೆ ಹೇಗೆ ಸಿದ್ಧರಾಗಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಸಲಾಗಿದೆ.

ಅನುಭವವಿದ್ದರೆ ಸಾಲದೆ?

ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಹೀಗೆ ಕೇಳಬಹುದು: "ಸ್ವಾಮಿ, ನಾನು ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಹೊಡೀತಾ ಇದೀನಿ. ಒಂದು ಕೋಳಿನೂ ಸಾಯಿಸಿಲ್ಲ. ನನಗೇನು ಪರೀಕ್ಷೆ?"

ಅದಕ್ಕೆ ಉತ್ತರವಿದು: "ಯಜಮಾನರೇ, ನಿಮ್ಮ ಕೈ ಪಳಗಿದೆ, ಒಪ್ಪೋಣ. ಆದರೆ ಎದುರಿಗೆ ಬರುವ ಲಾರಿಯವನಿಗೆ ನಿಮ್ಮ ಗುರುತಿಲ್ಲ. ನೀವು ಕೈ ನೀಡಿದರೆ ಏನರ್ಥ, ಅವನು ದೀಪ ಹಾಕಿದರೆ ಏನರ್ಥ, ಇದು ಇಬ್ಬರಿಗೂ ಒಂದೇ ಆಗಿರಬೇಕಲ್ಲವೆ? ಅದಕ್ಕೆ ಈ ಪರೀಕ್ಷೆ."

ರಸ್ತೆಗೂ ಒಂದು ಭಾಷೆಯಿದೆ. ಪರೀಕ್ಷೆಯು ಆ ಭಾಷೆ ನಿಮಗೆ ಬರುತ್ತದೆಯೇ ಎಂದು ಕೇಳುತ್ತದೆಯೇ ಹೊರತು ನಿಮ್ಮ ಕೈಚಳಕವನ್ನು ಕೇಳುವುದಿಲ್ಲ. ಕೈಚಳಕದ ಪರೀಕ್ಷೆ ಆಮೇಲೆ ಬರುತ್ತದೆ.

ಇನ್ನೊಂದು ಮಾತು. ಸ್ವಂತ ಹೊಲದೊಳಗೆ ಉಳುವಾಗ ಲೈಸೆನ್ಸನ್ನು ಯಾರೂ ಕೇಳದಿರಬಹುದು. ಹೊಲದ ಬದು ದಾಟಿ ಸಾರ್ವಜನಿಕ ರಸ್ತೆಗೆ ಏರಿದೊಡನೆ ಕಾಯಿದೆ ಕೇಳುತ್ತದೆ. ಲೈಸೆನ್ಸಿಲ್ಲದವನ ಕೈಯಲ್ಲಿ ವಾಹನವಿದ್ದು ಅಪಘಾತವಾದರೆ, ವಿಮಾ ಕಂಪನಿಯು ನೊಂದವರಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯ ಆಜ್ಞೆ ಮಾಡುವುದುಂಟು. ಕಂತು ತಪ್ಪದೆ ವಿಮೆ ಕಟ್ಟಿದ ರೈತನೂ ಆಗ ಹೊಲ ಮಾರುವ ಗತಿಗೆ ಬರಬಹುದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗಬಾರದು.

ಯಾರು ಕಲಿಯಬಹುದು?

ಗೇರು ಇರುವ ಬೈಕು, ಕಾರು, ಟ್ರ್ಯಾಕ್ಟರುಗಳಿಗೆ ೧೮ ವರ್ಷ ತುಂಬಿರಬೇಕು. ಸಾರಿಗೆ ವಾಹನಕ್ಕೆ ೨೦ ವರ್ಷ. ೧೬ ವರ್ಷದವರಿಗೆ ಕಾಯಿದೆ ಕೊಟ್ಟಿರುವುದು ೫೦ ಸಿ.ಸಿ. ಮೀರದ, ಗೇರಿಲ್ಲದ ದ್ವಿಚಕ್ರ ವಾಹನವನ್ನು ಮಾತ್ರ. ನಮ್ಮ ಊರುಗಳಲ್ಲಿ ಓಡಾಡುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ ನೂರು ಸಿ.ಸಿ.ಗೂ ಮೇಲ್ಪಟ್ಟವು. ಆದುದರಿಂದ "ಗೇರಿಲ್ಲದ ಗಾಡಿ ತಾನೆ" ಎಂದು ಹೈಸ್ಕೂಲಿಗೆ ಹೋಗುವ ಮಗನ ಕೈಗೆ ಕೀಲಿಕೈ ಕೊಡುವುದು ತಪ್ಪು.

ಈ ತಪ್ಪಿನ ಬೆಲೆ ದೊಡ್ಡದು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ವಯಸ್ಸಾಗದ ಹುಡುಗನು ವಾಹನ ಹೊಡೆದು ಅಪರಾಧವಾದರೆ ತಂದೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷಗಳವರೆಗೆ ಸಜೆ ಮತ್ತು ೨೫,೦೦೦ ರೂಪಾಯಿ ದಂಡ ಬೀಳಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ ೨೫ ವರ್ಷ ತುಂಬುವ ತನಕ ಲೈಸೆನ್ಸು ಸಿಗುವುದಿಲ್ಲ. ಶೇಂಗಾ ಸುಗ್ಗಿಯಲ್ಲಿ ಆಳು ಸಿಗದೆಂದು ಹುಡುಗನನ್ನು ಟ್ರ್ಯಾಕ್ಟರಿಗೆ ಹತ್ತಿಸುವ ಮುಂಚೆ ಈ ಲೆಕ್ಕವನ್ನು ಮಾಡಿ ನೋಡಿರಿ.

ಟ್ರ್ಯಾಕ್ಟರಿನ ವಿಷಯದಲ್ಲಿ ಹಲವರಿಗೆ ಸಂದೇಹವಿದೆ. ಖಾಲಿ ತೂಕ ೭,೫೦೦ ಕಿಲೋ ಮೀರದ ಟ್ರ್ಯಾಕ್ಟರು ಕಾಯಿದೆಯ ಲೆಕ್ಕದಲ್ಲಿ ಲಘು ವಾಹನವೇ. ಆದರೂ ಅರ್ಜಿ ತುಂಬುವಾಗ ನಿಮ್ಮ ಬಳಿ ಇರುವ ವಾಹನ ಯಾವುದೆಂದು ಹೇಳಿ, ಯಾವ ವರ್ಗವನ್ನು ಗುರುತು ಮಾಡಬೇಕೆಂದು ಕಚೇರಿಯಲ್ಲಿ ಕೇಳಿಕೊಳ್ಳಿರಿ. ಬೈಕಿನ ಲೈಸೆನ್ಸು ಟ್ರ್ಯಾಕ್ಟರಿಗೆ ನಡೆಯುವುದಿಲ್ಲ.

ಓದು ಕಡಮೆಯಾದವರು ಅಂಜಬೇಕಾಗಿಲ್ಲ. ಹಿಂದೆ ಸಾರಿಗೆ ವಾಹನ ಹೊಡೆಯಲು ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವಿತ್ತು. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ತೆಗೆದುಹಾಕಿತು.

ಹತ್ತು ಸಂಜೆಗಳ ಪಾಠ

ಒಬ್ಬನೇ ಕುಳಿತು ಓದುವುದಕ್ಕಿಂತ ನಾಲ್ಕು ಜನ ಸೇರಿ ಕಲಿಯುವುದು ಮೇಲು. ಊರಿನ ಶಾಲೆಯ ಜಗಲಿಯೋ ಅರಳಿಕಟ್ಟೆಯೋ ಆದೀತು. ಚೆನ್ನಾಗಿ ಓದಬಲ್ಲ ಹುಡುಗ ಅಥವಾ ಹುಡುಗಿ ಒಬ್ಬರು ಓದಲಿ, ಉಳಿದವರು ಕೇಳಿ ಉತ್ತರ ಹೇಳಲಿ. ಹೆಣ್ಣುಮಕ್ಕಳನ್ನೂ ಕರೆಯಿರಿ. ಹಾಲಿನ ಡೇರಿಗೆ, ಆಸ್ಪತ್ರೆಗೆ ಸ್ಕೂಟರು ಹೊಡೆದುಕೊಂಡು ಹೋಗಬೇಕಾದವರಲ್ಲಿ ಅವರೂ ಇದ್ದಾರೆ. ದಿನಕ್ಕೆ ಮುಕ್ಕಾಲು ಗಂಟೆ ಸಾಕು.

ಒಂದನೆಯ ಸಂಜೆ: ಫಲಕದ ಆಕಾರ. ರಸ್ತೆಯ ಬದಿಯ ಫಲಕಗಳಲ್ಲಿ ಮೂರು ಜಾತಿ. ದುಂಡಗಿನದು ಅಪ್ಪಣೆ, ಅದನ್ನು ಮೀರಬಾರದು. ಮುಕ್ಕೋನೆಯದು ಎಚ್ಚರಿಕೆ. ಚೌಕದ್ದು ಮಾಹಿತಿ, ಅಂದರೆ ಆಸ್ಪತ್ರೆ, ಪೆಟ್ರೋಲ್ ಬಂಕು ಮುಂತಾದುವು ಎಲ್ಲಿವೆ ಎಂಬುದು. ದುಂಡಗಿನದರಲ್ಲಿ ಕೆಂಪು ಅಂಚಿದ್ದರೆ ಬಹುಮಟ್ಟಿಗೆ "ಮಾಡಬೇಡ" ಎಂದು, ನೀಲಿ ಬಣ್ಣವಿದ್ದರೆ "ಹೀಗೆಯೇ ಮಾಡು" ಎಂದು ಅರ್ಥ. ಎರಡಕ್ಕೆ ಮಾತ್ರ ಬೇರೆ ಆಕಾರ ಕೊಟ್ಟಿದ್ದಾರೆ. "ನಿಲ್ಲು" ಎಂಬುದಕ್ಕೆ ಎಂಟು ಮೂಲೆಯ ಕೆಂಪು ಫಲಕ, "ದಾರಿ ಬಿಡು" ಎಂಬುದಕ್ಕೆ ತಲೆಕೆಳಗಾದ ಮುಕ್ಕೋನ. ಧೂಳು ಮುಚ್ಚಿದ್ದರೂ, ಹಿಂದಿನಿಂದ ನೋಡಿದರೂ ಆಕಾರದಿಂದಲೇ ತಿಳಿಯಲಿ ಎಂಬುದು ಇದರ ಉದ್ದೇಶ.

ಎರಡನೆಯ ಸಂಜೆ: ಎಚ್ಚರಿಕೆಯ ಚಿತ್ರಗಳು. ಬಲ ತಿರುವು, ಎಡ ತಿರುವು, ಕಿರಿದಾದ ಸೇತುವೆ, ಶಾಲೆ, ದನಕರು, ಉಬ್ಬು, ರೈಲು ಗೇಟು. ಇವನ್ನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಒಬ್ಬರನ್ನೊಬ್ಬರು ಕೇಳಿಕೊಳ್ಳಿರಿ. ಮಾರನೆಯ ದಿನ ಬಸ್ಸಿನಲ್ಲಿ ಚಳ್ಳಕೆರೆಗೆ ಹೋಗುವಾಗ ಕಿಟಕಿಯ ಪಕ್ಕ ಕುಳಿತು, ಎಷ್ಟು ಫಲಕಗಳನ್ನು ಓದಬಲ್ಲಿರಿ ಎಂದು ಎಣಿಸಿರಿ. ರಾಂಪುರ, ಹಾನಗಲ್, ಬಿ.ಜಿ. ಕೆರೆ, ತಳಕುಗಳ ಮೇಲೆ ಚಳ್ಳಕೆರೆಗೆ ಬಂದು ಹಿರಿಯೂರಿಗೆ ಹೋಗುವ ೧೫೦-ಎ ರಾಷ್ಟ್ರೀಯ ಹೆದ್ದಾರಿಯೇ ನಿಮ್ಮ ಪಠ್ಯಪುಸ್ತಕ.

ಮೂರನೆಯ ಸಂಜೆ: ದೀಪ ಮತ್ತು ಗೆರೆ. ಕೆಂಪು ದೀಪಕ್ಕೆ ಗೆರೆಯ ಹಿಂದೆಯೇ ನಿಲ್ಲಬೇಕು. ಹಳದಿ ಎಂದರೆ "ಬೇಗ ನುಗ್ಗು" ಎಂದಲ್ಲ, ನಿಲ್ಲಲು ಸಿದ್ಧನಾಗು ಎಂದು. ಹಸುರು ಬಂದರೂ ದಾರಿ ತೆರವಾಗಿದೆಯೇ ಎಂದು ನೋಡಿ ಹೊರಡಬೇಕು. ಮಿನುಗುವ ಕೆಂಪಿಗೆ ನಿಂತು, ನೋಡಿ, ಆಮೇಲೆ ಹೊರಡಿರಿ. ಮಿನುಗುವ ಹಳದಿಗೆ ವೇಗ ತಗ್ಗಿಸಿರಿ. ರಸ್ತೆಯ ನಡುವೆ ತುಂಡು ಗೆರೆಯಿದ್ದರೆ ಎದುರು ತೆರವಿದ್ದಾಗ ದಾಟಿ ಮುಂದೆ ಹೋಗಬಹುದು. ಅಖಂಡ ಗೆರೆಯಿದ್ದರೆ ದಾಟಬಾರದು. ಅಖಂಡ ಗೆರೆಯನ್ನು ಸಾಮಾನ್ಯವಾಗಿ ತಿರುವು, ಸೇತುವೆ, ದಿಣ್ಣೆಗಳ ಬಳಿ ಎಳೆದಿರುತ್ತಾರೆ. ಅಲ್ಲಿ ಮುಂದಿನಿಂದ ಬರುವವನು ಕಾಣಿಸುವುದಿಲ್ಲ ಎಂಬುದೇ ಕಾರಣ.

ನಾಲ್ಕನೆಯ ಸಂಜೆ: ಕೈ ಸನ್ನೆ. ಇಂಡಿಕೇಟರು ಕೆಟ್ಟ ಹಳೆಯ ಟ್ರ್ಯಾಕ್ಟರುಗಳು ನಮ್ಮಲ್ಲಿ ಬಹಳ. ಅದಕ್ಕಾಗಿ ಇದು ಮುಖ್ಯ. ಎಲ್ಲ ಸನ್ನೆಯೂ ಬಲಗೈಯದೇ. ಬಲಕ್ಕೆ ತಿರುಗುವಾಗ ಬಲಗೈಯನ್ನು ನೇರವಾಗಿ ಹೊರಕ್ಕೆ ಚಾಚಿ ಅಂಗೈಯನ್ನು ಮುಂದಕ್ಕೆ ತೋರಿಸಬೇಕು. ಎಡಕ್ಕೆ ತಿರುಗುವಾಗ ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸಬೇಕು. ನಿಧಾನ ಮಾಡುವಾಗ ಅಂಗೈ ಕೆಳಗೆ ಮಾಡಿ ಕೈಯನ್ನು ಮೇಲೆ ಕೆಳಗೆ ಆಡಿಸಬೇಕು. ನಿಲ್ಲುವಾಗ ಮೊಣಕೈಯಿಂದ ಮೇಲಕ್ಕೆ ಎತ್ತಿ ನೆಟ್ಟಗೆ ಹಿಡಿಯಬೇಕು. ಹಿಂದಿನವನಿಗೆ "ಮುಂದೆ ಹೋಗು" ಎನ್ನಲು ಚಾಚಿದ ಕೈಯನ್ನು ಹಿಂದಿನಿಂದ ಮುಂದಕ್ಕೆ ಅರ್ಧ ವೃತ್ತವಾಗಿ ಬೀಸಬೇಕು. ಎಲ್ಲರೂ ಎದ್ದು ನಿಂತು ಹತ್ತು ಹತ್ತು ಸಲ ಮಾಡಿರಿ. ಮಕ್ಕಳು ನಕ್ಕರೆ ನಗಲಿ, ಅವರೂ ಕಲಿಯುತ್ತಾರೆ.

ಐದನೆಯ ಸಂಜೆ: ಯಾರು ಮೊದಲು? ನಮ್ಮ ದೇಶದಲ್ಲಿ ಎಡಬದಿಯಲ್ಲಿ ಹೋಗಬೇಕು, ಮುಂದಿನವನನ್ನು ಬಲಗಡೆಯಿಂದ ದಾಟಬೇಕು. ದೀಪವೂ ಪೊಲೀಸರೂ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ಹಳ್ಳಿಯ ದಾರಿಯಿಂದ ಹೆದ್ದಾರಿಗೆ ಏರುವವನು ಹೆದ್ದಾರಿಯ ಮೇಲಿರುವ ಎಲ್ಲರಿಗೂ ದಾರಿ ಬಿಡಬೇಕು. ಈ ಒಂದು ನಿಯಮವನ್ನು ಚೆನ್ನಾಗಿ ನೆನಪಿಡಿರಿ. ಟ್ರ್ಯಾಕ್ಟರು ಮತ್ತು ಟ್ರೇಲರು ಸೇರಿ ರಸ್ತೆಗೆ ಪೂರ್ತಿಯಾಗಿ ಏರಿ ತಿರುಗಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ದೂರದ ಲಾರಿ ಹತ್ತಿರವಾಗಿರುತ್ತದೆ. ಏರಿನ ಕಿರಿದಾರಿಯಲ್ಲಿ ಇಳಿಯುವವನು ಏರುವವನಿಗೆ ದಾರಿ ಕೊಡಬೇಕು. ಆಂಬುಲೆನ್ಸು, ಬೆಂಕಿ ಆರಿಸುವ ಗಾಡಿಗಳಿಗೆ ಯಾವಾಗಲೂ ಬದಿಗೆ ಸರಿದು ದಾರಿ ಬಿಡಬೇಕು.

ಆರನೆಯ ಸಂಜೆ: ವೇಗ ಮತ್ತು ಅಂತರ. ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು, ಅಂದರೆ ನಾಲ್ಕೂವರೆ ಮಾರು ಓಡುತ್ತದೆ. ೬೦ರ ವೇಗದಲ್ಲಿ ಒಂಬತ್ತು ಮಾರು. ಕುರಿಯೊಂದು ಅಡ್ಡ ಬಂದುದನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗುವುದರೊಳಗೆ ಸುಮಾರು ಒಂದು ಸೆಕೆಂಡು ಕಳೆಯುತ್ತದೆ. ಬ್ರೇಕು ಹಿಡಿದ ಮೇಲೂ ಗಾಡಿ ತಕ್ಷಣ ನಿಲ್ಲುವುದಿಲ್ಲ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಜಾರುವ ದೂರ ನಾಲ್ಕರಷ್ಟಾಗುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು. ಆದುದರಿಂದ ಮುಂದಿನ ವಾಹನವು ಒಂದು ಜಾಲಿಮರವನ್ನು ದಾಟಿದಾಗ ಮನಸ್ಸಿನಲ್ಲಿ "ಒಂದು ಚೀಲ, ಎರಡು ಚೀಲ, ಮೂರು ಚೀಲ" ಎಂದು ನಿಧಾನವಾಗಿ ಎಣಿಸಿರಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಮರವನ್ನು ಮುಟ್ಟಿದರೆ ಬಹಳ ಹತ್ತಿರದಲ್ಲಿದ್ದೀರಿ ಎಂದು ತಿಳಿಯಿರಿ.

ಏಳನೆಯ ಸಂಜೆ: ಹೊರೆ, ಜನ ಮತ್ತು ಇರುಳು. ಈ ಪಾಠ ನಮ್ಮ ಸೀಮೆಗೆ ಎಲ್ಲಕ್ಕಿಂತ ಅಗತ್ಯ. ಬೈಕಿನ ಮೇಲೆ ಹೊಡೆಯುವವನನ್ನು ಬಿಟ್ಟು ಇನ್ನೊಬ್ಬನಿಗೆ ಮಾತ್ರ ಅವಕಾಶ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬಾರದು. ಟ್ರೇಲರು ಸರಕಿಗಾಗಿ ಇರುವುದು. ನಾಯಕನಹಟ್ಟಿಯ ತೇರಿಗೆ, ಗೌರಸಮುದ್ರದ ಜಾತ್ರೆಗೆ, ಮದುವೆಯ ದಿಬ್ಬಣಕ್ಕೆ ಅದರಲ್ಲಿ ಜನ ತುಂಬಿಕೊಂಡು ಹೋಗುವುದು ಹಳೆಯ ರೂಢಿಯಾಗಿರಬಹುದು. ಆದರೆ ಟ್ರೇಲರು ಮಗುಚಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ವಿಮೆಯ ಹಣವೂ ಸಿಗದೆ ಹೋಗಬಹುದು. ಭಕ್ತಿಯಿಂದ ಹೊರಟವರು ಬಸ್ಸಿನಲ್ಲಿಯೇ ಹೋಗಲಿ.

ಇರುಳಿನಲ್ಲಿ ಹಿಂದೀಪವಿಲ್ಲದ ಟ್ರೇಲರು ಕತ್ತಲೆಯ ಗೋಡೆ ಇದ್ದಂತೆ. ಹಿಂದಿನಿಂದ ಬರುವ ಬೈಕಿನವನಿಗೆ ಅದು ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಟ್ರೇಲರಿನ ಹಿಂದೆ ಕೆಂಪು ಬಣ್ಣದ ಪ್ರತಿಫಲಿಸುವ ಪಟ್ಟಿಯನ್ನು ಅಂಟಿಸಿರಿ. ಒಂದು ಮೂಟೆ ಈರುಳ್ಳಿಯ ಬೆಲೆಯೂ ಅದಕ್ಕೆ ಆಗದು. ಗಾಡಿ ಕೆಟ್ಟು ನಿಂತರೆ ಆದಷ್ಟು ರಸ್ತೆಯಿಂದ ಕೆಳಗೆ ಇಳಿಸಿರಿ. ಹಿಂದೆ ಕಲ್ಲು, ಸೊಪ್ಪು ಇಟ್ಟಿದ್ದರೆ ಹೊರಡುವಾಗ ಮರೆಯದೆ ತೆಗೆಯಿರಿ. ನೀವು ಬಿಟ್ಟು ಹೋದ ಕಲ್ಲು ನಿಮ್ಮ ಅಳಿಯನ ಬೈಕಿಗೇ ತಗಲಬಹುದು. ಎದುರಿಗೆ ವಾಹನ ಬಂದಾಗ ದೀಪವನ್ನು ತಗ್ಗಿಸಬೇಕು. ರಸ್ತೆಯ ಮೇಲೆ ಹುರುಳಿ, ರಾಗಿ ಹರವಿ ಒಕ್ಕಣೆ ಮಾಡುವುದನ್ನೂ ಬಿಡೋಣ. ಅದರ ಮೇಲೆ ಬೈಕು ಜಾರುತ್ತದೆ ಎಂಬುದು ಬೈಕು ಹೊಡೆಯುವ ಎಲ್ಲರಿಗೂ ಗೊತ್ತು.

ಎಂಟನೆಯ ಸಂಜೆ: ರೈಲು ಗೇಟು. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ಚಳ್ಳಕೆರೆ, ರಾಯದುರ್ಗಗಳ ಮೇಲೆ ಬಳ್ಳಾರಿಗೆ ಹೋಗುವ ರೈಲು ಮಾರ್ಗವು ನಮ್ಮ ಸೀಮೆಯನ್ನು ಹಾದುಹೋಗುತ್ತದೆ. ಕಾವಲಿಲ್ಲದ ಗೇಟಿನ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಇಂತಹ ಗೇಟುಗಳನ್ನು ರೈಲ್ವೆಯವರು ೨೦೧೯ರ ಆರಂಭದ ಹೊತ್ತಿಗೆ ತೆಗೆದರೂ ಕಾಯಿದೆಯಲ್ಲಿ ನಿಯಮ ಉಳಿದಿದೆ. ಅದೇನೆಂದರೆ: ವಾಹನವನ್ನು ನಿಲ್ಲಿಸಬೇಕು; ಜೊತೆಗಾರನು ಇಳಿದು, ಹಳಿಯವರೆಗೆ ನಡೆದು, ಎರಡೂ ಕಡೆ ರೈಲು ಬರುತ್ತಿಲ್ಲವೆಂದು ನೋಡಿ, ಆಮೇಲೆ ವಾಹನವನ್ನು ದಾಟಿಸಬೇಕು; ಜೊತೆಗಾರನಿಲ್ಲದಿದ್ದರೆ ಹೊಡೆಯುವವನೇ ಇಳಿದು ನೋಡಬೇಕು. ಕಾವಲಿರುವ ಗೇಟು ಮುಚ್ಚಿದ್ದಾಗ ಬೈಕನ್ನು ಬಗ್ಗಿಸಿ ಅಡಿಯಿಂದ ನುಗ್ಗುವುದು ಅಪರಾಧ. ಐದು ನಿಮಿಷದ ಅವಸರಕ್ಕೆ ಆಯುಷ್ಯವನ್ನು ಪಣಕ್ಕಿಡಬಾರದು.

ಒಂಬತ್ತನೆಯ ಸಂಜೆ: ಅಪಘಾತವಾದರೆ. ಹೊಡೆಯುವವನ ಕರ್ತವ್ಯ ಓಡಿಹೋಗುವುದಲ್ಲ. ಗಾಯಗೊಂಡವರಿಗೆ ವೈದ್ಯರ ಸಹಾಯ ದೊರಕಿಸಬೇಕು. ಪೊಲೀಸರಿಗೆ ಆದಷ್ಟು ಬೇಗ, ಹೇಗೂ ೨೪ ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಜನರು ಕೆರಳಿ ಹೊಡೆಯಲು ಬಂದು ನಿಲ್ಲುವಂತಿಲ್ಲದಿದ್ದರೆ ನೇರವಾಗಿ ಠಾಣೆಗೆ ಹೋಗಿ ತಿಳಿಸಬೇಕು. ಆಂಬುಲೆನ್ಸಿಗೆ ೧೦೮, ತುರ್ತು ಸಹಾಯಕ್ಕೆ ೧೧೨, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ೧೦೩೩. ಈ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿರಿ.

ದಾರಿಹೋಕರಾಗಿ ನೀವು ಗಾಯಾಳುವಿಗೆ ನೆರವಾದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂದು ಹೆದರಬೇಡಿರಿ. ೨೦೧೯ರ ತಿದ್ದುಪಡಿಯಲ್ಲಿ ಹೀಗೆ ನೆರವಾಗುವವರಿಗೆ ರಕ್ಷಣೆ ಕೊಡಲಾಗಿದೆ. ಹೆಸರು ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯಂತೆ, ಅಪಘಾತವಾದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಪಡೆಯಲು ಅವಕಾಶವಿದೆ.

ಹತ್ತನೆಯ ಸಂಜೆ: ಕಾಗದಪತ್ರ, ಕುಡಿತ, ಹೆಲ್ಮೆಟ್ಟು. ರಸ್ತೆಯ ಮೇಲೆ ಲೈಸೆನ್ಸು, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರಗಳು ಜೊತೆಗಿರಬೇಕು. ಡಿಜಿಲಾಕರಿನಲ್ಲಿ ಇಟ್ಟಿದ್ದರೂ ನಡೆಯುತ್ತದೆ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕೆಂಬುದನ್ನು ಮರೆಯಬಾರದು. ನೂರು ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಂ ಮೀರಿ ಮದ್ಯವಿದ್ದರೆ ಅಪರಾಧ. "ಸ್ವಲ್ಪ ಮಾತ್ರ" ಎಂಬ ಅಳತೆ ಅವರವರ ನಾಲಗೆಗೆ ಬೇರೆಯಾದುದರಿಂದ, ಕುಡಿದ ದಿನ ಗಾಡಿ ಮುಟ್ಟದಿರುವುದೇ ಸರಿಯಾದ ಅಳತೆ. ಬೈಕಿನ ಮೇಲೆ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ಟು ಬೇಕು. ಐ.ಎಸ್.ಐ. ಗುರುತು ಇರುವುದನ್ನೇ ಕೊಂಡು, ಗಲ್ಲದ ಪಟ್ಟಿಯನ್ನು ಬಿಗಿದು ಹಾಕಿರಿ. ಪಟ್ಟಿ ಬಿಗಿಯದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ.

ಅರ್ಜಿ ಮತ್ತು ಪರೀಕ್ಷೆ

ಅರ್ಜಿಯನ್ನು ಸಾರಿಗೆ ಇಲಾಖೆಯ ಸಾರಥಿ ಎಂಬ ಜಾಲತಾಣದಲ್ಲಿ ಹಾಕಬೇಕು. ತುಂಬಲು ಬಾರದವರು ಬಲ್ಲವರ ಸಹಾಯ ಪಡೆಯಲಿ. ಆದರೆ ಹೆಸರು, ಹುಟ್ಟಿದ ದಿನ, ವಾಹನದ ವರ್ಗ ಇವನ್ನು ಕಳಿಸುವ ಮೊದಲು ನಿಮ್ಮ ಆಧಾರಿನೊಡನೆ ಹೋಲಿಸಿ ನೋಡಿರಿ. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಭಾವಚಿತ್ರ ಬೇಕು. ಆರೋಗ್ಯದ ಬಗ್ಗೆ ಸ್ವಂತ ಘೋಷಣೆಯನ್ನು ಒಂದನೆಯ ನಮೂನೆಯಲ್ಲಿ ಕೊಡಬೇಕು. ನಲವತ್ತು ವರ್ಷ ಮೀರಿದವರು ಮತ್ತು ಸಾರಿಗೆ ವಾಹನ ಕಲಿಯುವವರು ೧-ಎ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರವನ್ನು ತರಬೇಕು. ಕಣ್ಣು ಮಂಜಾಗಿದ್ದರೆ ಬಚ್ಚಿಡಬೇಡಿರಿ, ಕನ್ನಡಕ ಹಾಕಿಕೊಂಡು ಹೊಡೆಯಬಹುದು. ಕೇಂದ್ರ ನಿಯಮದಂತೆ ಶುಲ್ಕವು ಒಂದೊಂದು ವರ್ಗದ ವಾಹನಕ್ಕೆ ೧೫೦ ರೂಪಾಯಿ, ಪರೀಕ್ಷೆಗೆ ೫೦ ರೂಪಾಯಿ. ಇದರ ಮೇಲೆ ಯಾರಾದರೂ ಹೆಚ್ಚು ಕೇಳಿದರೆ ಯಾವುದಕ್ಕೆಂದು ಕೇಳಿ, ರಸೀತಿ ಪಡೆಯಿರಿ. ನಮ್ಮ ಜಿಲ್ಲೆಯ ಪ್ರಾದೇಶಿಕ ಸಾರಿಗೆ ಕಚೇರಿ ಚಿತ್ರದುರ್ಗದಲ್ಲಿದೆ. ಆಧಾರ್ ಮೂಲಕ ಮನೆಯಲ್ಲಿಯೇ ಕುಳಿತು ಪರೀಕ್ಷೆ ಕೊಡುವ ವ್ಯವಸ್ಥೆಯೂ ಬಂದಿದೆ.

ಪರೀಕ್ಷೆ ಕಂಪ್ಯೂಟರಿನ ಮುಂದೆ. ಭಾಷೆ ಕೇಳಿದಾಗ ಕನ್ನಡವನ್ನು ಆರಿಸಿರಿ. ಒಂದು ಪ್ರಶ್ನೆ, ಅದರ ಕೆಳಗೆ ಕೆಲವು ಉತ್ತರಗಳು, ಸರಿಯಾದುದನ್ನು ಒತ್ತಬೇಕು. ಪ್ರತಿ ಪ್ರಶ್ನೆಗೂ ಮಿತವಾದ ಸಮಯವಿರುತ್ತದೆ. ಮೊದಲು ಪ್ರಶ್ನೆಯನ್ನು ಪೂರ್ತಿ ಓದಿ, ಆಮೇಲೆ ಎಲ್ಲ ಉತ್ತರಗಳನ್ನೂ ಓದಿ ಒತ್ತಿರಿ. ಪ್ರಶ್ನೆಗಳು ಒಬ್ಬರಿಗೆ ಬಂದಂತೆ ಇನ್ನೊಬ್ಬರಿಗೆ ಬರುವುದಿಲ್ಲ. ಆದುದರಿಂದ "ಮೊದಲನೆಯದಕ್ಕೆ ಎರಡನೇ ಉತ್ತರ" ಎಂದು ಬಾಯಿಪಾಠ ಮಾಡಿಕೊಂಡು ಹೋದವರು ಕಕ್ಕಾಬಿಕ್ಕಿಯಾಗುತ್ತಾರೆ. ನೂರಕ್ಕೆ ಅರುವತ್ತು ಸರಿಯಾದರೆ ಪಾಸು. ಹದಿನೈದು ಪ್ರಶ್ನೆ ಕೇಳಿದರೆ ಒಂಬತ್ತು. ತಪ್ಪಿದರೆ ನಾಚಿಕೆಪಡಬೇಕಾಗಿಲ್ಲ, ಮತ್ತೆ ಶುಲ್ಕ ಕಟ್ಟಿ ಮತ್ತೆ ಬರೆಯಬಹುದು.

ಮನೆಯಿಂದ ಪರೀಕ್ಷೆ ಕೊಡುವವರಿಗೆ ಒಂದು ಮಾತು. ನಿಮ್ಮ ಬದಲು ಮತ್ತೊಬ್ಬನು ಉತ್ತರ ಒತ್ತಿದರೆ ಪತ್ರವೇನೋ ಕೈಗೆ ಬಂದೀತು. ಆದರೆ ಬಿ.ಜಿ. ಕೆರೆಯ ತಿರುವಿನಲ್ಲಿ ಲಾರಿ ಎದುರಾದಾಗ ಆ ಮತ್ತೊಬ್ಬನು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ನಿಮ್ಮನ್ನು ನೀವೇ ಕೇಳಿಕೊಳ್ಳಿರಿ

೧. ತಲೆಕೆಳಗಾದ ಮುಕ್ಕೋನ ಏನು ಹೇಳುತ್ತದೆ?
೨. ಅಖಂಡ ಗೆರೆಯಿರುವ ದಿಣ್ಣೆಯ ಮೇಲೆ ಮುಂದಿನ ಬಸ್ಸನ್ನು ದಾಟಬಹುದೆ?
೩. ಬಲಗೈ ಚಾಚಿ ಗಡಿಯಾರಕ್ಕೆ ಎದುರಾಗಿ ಸುತ್ತಿಸಿದರೆ ಆ ಗಾಡಿ ಎತ್ತ ತಿರುಗುತ್ತದೆ?
೪. ಹೊಲದ ದಾರಿಯಿಂದ ಹೆದ್ದಾರಿಗೆ ಏರುವಾಗ ಯಾರು ಮೊದಲು?
೫. ಇಳಿಜಾರಿನಲ್ಲಿ ನೀವು ಇಳಿಯುತ್ತಿದ್ದೀರಿ, ಎದುರಿನವನು ಏರುತ್ತಿದ್ದಾನೆ. ದಾರಿ ಕಿರಿದು. ಯಾರು ನಿಲ್ಲಬೇಕು?
೬. ಕಾವಲಿಲ್ಲದ ರೈಲು ಗೇಟಿನಲ್ಲಿ ಒಬ್ಬರೇ ಇದ್ದರೆ ಏನು ಮಾಡಬೇಕು?
೭. ಅಪಘಾತವನ್ನು ಪೊಲೀಸರಿಗೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು?

ಉತ್ತರಗಳು: ೧. ದಾರಿ ಬಿಡು ಎಂದು. ೨. ದಾಟಬಾರದು. ೩. ಎಡಕ್ಕೆ. ೪. ಹೆದ್ದಾರಿಯ ಮೇಲಿರುವವರು. ೫. ಇಳಿಯುತ್ತಿರುವ ನೀವು. ೬. ಗಾಡಿ ನಿಲ್ಲಿಸಿ, ಇಳಿದು, ಎರಡೂ ಕಡೆ ನೋಡಿ ದಾಟಬೇಕು. ೭. ಆದಷ್ಟು ಬೇಗ, ೨೪ ಗಂಟೆ ಮೀರದಂತೆ.

ಎಲ್.ಎಲ್.ಆರ್. ಬಂದ ಮೇಲೆ

ಈ ಪತ್ರ ಆರು ತಿಂಗಳು ನಡೆಯುತ್ತದೆ. ಇದು ಕಲಿಯುವುದಕ್ಕೆ ಅಪ್ಪಣೆಯೇ ಹೊರತು ಒಬ್ಬನೇ ತಿರುಗಾಡುವುದಕ್ಕೆ ಅಲ್ಲ. ಕಲಿಯುವಾಗ ಪೂರ್ಣ ಲೈಸೆನ್ಸುಳ್ಳವರು ಪಕ್ಕದಲ್ಲಿ, ಗಾಡಿಯನ್ನು ನಿಲ್ಲಿಸಲು ಕೈಗೆಟಕುವಂತೆ ಕುಳಿತಿರಬೇಕು. ಬೈಕಿನಲ್ಲಾದರೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ವಾಹನದ ಮುಂದೆ ಮತ್ತು ಹಿಂದೆ, ೧೮ ಸೆಂಟಿಮೀಟರು ಚೌಕದ ಬಿಳಿಯ ಹಲಗೆಯ ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರವಿರಬೇಕು. ಅದನ್ನು ನಾಚಿಕೆ ಎಂದು ತಿಳಿಯಬಾರದು. "ಇವನಿನ್ನೂ ಕಲಿಯುತ್ತಿದ್ದಾನೆ, ಸ್ವಲ್ಪ ತಾಳು" ಎಂದು ಅದು ಹಿಂದಿನವನಿಗೆ ನಿಮ್ಮ ಪರವಾಗಿ ಕೈಮುಗಿದು ಹೇಳುತ್ತದೆ.

ಮೂವತ್ತು ದಿನ ಕಳೆದ ಮೇಲೆ, ಆರು ತಿಂಗಳೊಳಗೆ, ವಾಹನ ಹೊಡೆದು ತೋರಿಸುವ ಪರೀಕ್ಷೆಗೆ ಹೋಗಬೇಕು. ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿರಿ. ಬಿತ್ತನೆ, ಒಕ್ಕಣೆಗಳ ನಡುವೆ ಆರು ತಿಂಗಳು ಕಳೆದುಹೋಗಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾದವರು ಬಹಳ ಮಂದಿ. ಮುಂಗಾರಿಗೆ ಮುಂಚೆ, ಬೇಸಗೆಯ ಬಿಡುವಿನಲ್ಲಿ ಅರ್ಜಿ ಹಾಕಿದರೆ ಅನುಕೂಲ.

ಬಾ೦ಧವರೇ, ಪರೀಕ್ಷೆಗೆ ಹದಿನೈದರಲ್ಲಿ ಒಂಬತ್ತು ಸಾಕು. ಆದರೆ ರಸ್ತೆಗೆ ಹದಿನೈದೂ ಬೇಕು. ಬಿಟ್ಟ ಆರರಲ್ಲಿ ಯಾವುದು ನಾಳೆ ಎದುರಾಗುತ್ತದೆಂದು ಯಾರೂ ಬಲ್ಲವರಿಲ್ಲ. ಈ ವಾರವೇ ನಾಲ್ಕು ಜನ ಸೇರಿ ಮೊದಲ ಸಂಜೆಯ ಪಾಠವನ್ನು ಆರಂಭಿಸಿರಿ. ನಿಮ್ಮ ಊರಿನಿಂದ ಹೊರಟ ಪ್ರತಿಯೊಂದು ಗಾಡಿಯೂ, ಎತ್ತುಗಳು ತರುತ್ತಿದ್ದಂತೆ, ಹೊಡೆಯುವವನನ್ನು ಕ್ಷೇಮವಾಗಿ ಮನೆಯ ಬಾಗಿಲಿಗೆ ತರಲಿ.